ನೆರೆಯವರಿಟ್ಟ ಹೆಸರು

ಕೇಳುಗರೆ, ನಮಸ್ಕಾರ.

ಅಂಗಡಿಯಲ್ಲಿ ನಾವು ಅಕ್ರೋಟು ಎಂದು ಕೇಳಿ ಕೊಳ್ಳುವ ಕಾಯಿಗೆ ಇಂಗ್ಲಿಷಿನಲ್ಲಿ ವಾಲ್‌ನಟ್ ಎಂಬ ಹೆಸರಿದೆ. ಅದರ ಮೊದಲಿಗಿರುವ ‘ವಾಲ್’ಗೂ ಗೋಡೆಗೂ ಯಾವ ಸಂಬಂಧವೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಪರಕೀಯ ಎಂಬ ಅರ್ಥವಿದ್ದ ‘ವೆಅಲ್ಹ್’ ಶಬ್ದವೇ ಅಲ್ಲಿ ಸವೆದು ಉಳಿದಿದೆ. ದಕ್ಷಿಣದ ಗಾಲ್, ಅಂದರೆ ಇಂದಿನ ಫ್ರಾನ್ಸಿನ ಸೀಮೆ, ಮತ್ತು ಇಟಲಿಯ ಕಡೆಯಿಂದ ಬಂದ ಆ ಕಾಯಿ ಉತ್ತರದವರಿಗೆ ಪರದೇಶಿಯಾಗಿತ್ತು.

ಈ ಶಬ್ದದ ಬೇರು ಪ್ರಾಚೀನ ಯುರೋಪಿನ ಕೆಲ್ಟ್ ಜನರ ಒಂದು ಬುಡಕಟ್ಟಿನ ಹೆಸರಿನಲ್ಲೇ ಇದೆ ಎಂಬುದು ಬಹುಪಾಲು ವಿದ್ವಾಂಸರ ಮತ. ರೈನ್ ನದಿಯಾಚೆಯ ಹೆರ್ಸೀನಿಯನ್ ಕಾಡಿನ ಬಳಿ ನೆಲೆಸಿದ್ದ ವೋಲ್ಕೆ ಜನರನ್ನು ಜೂಲಿಯಸ್ ಸೀಸರ್ ಹೆಸರಿಸಿದ್ದಾನೆ. ನೆರೆಯ ಜರ್ಮ್ಯಾನಿಕ್ ಜನರ ಬಾಯಲ್ಲಿ ಒಕಾರ ಅಕಾರವಾಗಿ, ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದಂತೆ ಅಲ್ಲಿ ಕಕಾರ ಹಕಾರವಾಗಿ, ಅದು ‘ವಲ್ಹ್’ ಆಯಿತು. ಮೊದಲು ಒಂದು ಬುಡಕಟ್ಟನ್ನು, ಆಮೇಲೆ ಎಲ್ಲ ಕೆಲ್ಟರನ್ನು, ಕೊನೆಗೆ ಲ್ಯಾಟಿನ್ ಆಡುವವರನ್ನೂ ಅದೇ ಶಬ್ದ ಸೂಚಿಸತೊಡಗಿತು. ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕರು ಫ್ರೆಂಚ್ ಆಡುವ ಸೀಮೆಯನ್ನು ಇಂದಿಗೂ ವೆಲ್ಷ್‌ಲಾಂಡ್ ಎನ್ನುತ್ತಾರೆ. ಬೆಲ್ಜಿಯಮ್ಮಿನ ವಲೋನಿಯಾ ಎಂಬ ಹೆಸರೂ ಇದೇ ಬೇರಿನದು.

ಬ್ರಿಟನ್ನಿನಲ್ಲಿ ಇದರ ಕಥೆ ನೋವಿನದು. ಇಂಗ್ಲಿಷರ ಪೂರ್ವಜರಾದ, ಜರ್ಮ್ಯಾನಿಕ್ ನುಡಿಯ ಆಂಗ್ಲೋ-ಸ್ಯಾಕ್ಸನ್ನರು ಅಲ್ಲಿಗೆ ಬಂದು ನೆಲೆಯೂರಿದ ಮೇಲೆ, ಕೆಲ್ಟಿಕ್ ನುಡಿಯಾಡುತ್ತಿದ್ದ ಆ ನೆಲದ ಹಳೆಯ ನಿವಾಸಿಗಳನ್ನೇ ‘ವೆಅಲ್ಹ್’ ಎಂದು ಕರೆದರು, ಅಂದರೆ ಮನೆಯವನೇ ಪರಕೀಯನಾದ. ಬರಬರುತ್ತ ಶಬ್ದಕ್ಕೆ ಗುಲಾಮ ಎಂಬ ಅರ್ಥವೂ ಅಂಟಿತು. 7ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ಅರಸ ಈನೆ ಮಾಡಿದ ಕಟ್ಟಳೆಗಳಲ್ಲಿ, ಕೊಲೆಯಾದವನ ಬಂಧುಗಳಿಗೆ ಸಲ್ಲಬೇಕಾದ ಪರಿಹಾರವನ್ನು ಗೊತ್ತುಪಡಿಸಿದೆ. ಸಾಮಾನ್ಯ ಇಂಗ್ಲಿಷ್ ರೈತನ ಜೀವಕ್ಕೆ 200 ಷಿಲಿಂಗ್, ಒಂದು ಹೈಡ್, ಅಂದರೆ ಒಂದು ಕುಟುಂಬಕ್ಕೆ ಸಾಲುವಷ್ಟು, ಭೂಮಿಯುಳ್ಳ ‘ವೆಅಲ್ಹ್’ನ ಜೀವಕ್ಕೆ 120. ಒಂದು ಶಬ್ದದ ಭಾರವನ್ನು ಇಷ್ಟು ನಿಚ್ಚಳವಾಗಿ ತೂಗಿ ತೋರಿಸುವ ದಾಖಲೆ ಅಪರೂಪವೆಂದೇ ನಾನು ಭಾವಿಸುತ್ತೇನೆ. ವೇಲ್ಸ್ ಎಂಬ ಹೆಸರೂ ಕಾರ್ನ್‌ವಾಲ್ ಎಂಬುದರ ಕೊನೆಯ ಭಾಗವೂ ಆ ‘ವೆಅಲ್ಹ್’ನಿಂದಲೇ ಬಂದವು.

ಆದರೆ ವೇಲ್ಸಿನವರು ತಮ್ಮ ನಾಡನ್ನು ‘ಕಮ್ರಿ’ ಎನ್ನುತ್ತಾರೆ. ಅದರ ಪ್ರಾಚೀನ ರೂಪವಾದ ‘ಕೊಂಬ್ರೋಗಿ’ಗೆ ಒಂದೇ ನಾಡಿನವರು, ನಮ್ಮವರು ಎಂದು ಅರ್ಥ. ಅದರಲ್ಲಿರುವ ‘ಬ್ರೋಗ್’ ಇಂದಿನ ವೆಲ್ಷ್ ಭಾಷೆಯಲ್ಲಿ ಸೀಮೆ ಎಂಬರ್ಥದ ‘ಬ್ರೋ’ ಆಗಿ ಬಳಕೆಯಲ್ಲಿದೆ.

ಕೆಲ್ಟಿಕ್ ಭಾಷಿಕರೂ ಇಂಥದ್ದೇ ಕೆಲಸ ಮಾಡಿದ್ದಾರೆ. ಐರಿಷ್ ಭಾಷೆಯ ‘ಗಾಲ್’ ಎಂಬ ಶಬ್ದ ಮೊದಲು ಗಾಲ್ ದೇಶದವನನ್ನು, ಆಮೇಲೆ ವೈಕಿಂಗನನ್ನು, ಅನಂತರ ಇಂಗ್ಲಿಷಿನವನನ್ನು ಸೂಚಿಸಿತು. ಡೊನೆಗಾಲ್ ಎಂದರೆ ಪರಕೀಯರ ಕೋಟೆ. ಐರ್ಲೆಂಡಿನಲ್ಲಿ ಐರಿಷ್ ಆಡುವ ಸೀಮೆ ಗೇಲ್‌ಟಾಕ್ಟ್. ಇಂಗ್ಲಿಷ್ ಆಡುವ ಸೀಮೆಗೆ ಇಂದಿಗೂ ಗಾಲ್‌ಟಾಕ್ಟ್ ಎಂದೇ ಹೆಸರು.

ನಮಸ್ಕಾರ.