ಬ್ಲಾಕ್ ಕೂಡಿತು, ನೀರು ನಿಲ್ಲಲಿಲ್ಲ

ಕೇಳುಗರಿಗೆ ನಮಸ್ಕಾರ.

ಮೈಕ್ರೋಬಿಟ್ ಅನ್ನುವುದು ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು. 2016ರಲ್ಲಿ ಬಿಬಿಸಿ ಇದನ್ನು ಬ್ರಿಟನ್ನಿನ 11-12 ವಯಸ್ಸಿನ ಶಾಲಾಮಕ್ಕಳಿಗೆ ಪುಕ್ಕಟೆಯಾಗಿ ಹಂಚಿತು. ಇದಕ್ಕೆ ಪ್ರೋಗ್ರಾಂ ಬರೆಯುವುದು ಮೇಕ್‌ಕೋಡ್ ಎಂಬ ಜಾಲತಾಣದಲ್ಲಿ. ಬರೆಯುವುದು ಅಂದರೆ ಬಣ್ಣದ ಬ್ಲಾಕುಗಳನ್ನು ಎಳೆದು ತಂದು ಜೋಡಿಸುವುದು, ಅಷ್ಟೆ. ಹೌದು-ಅಲ್ಲ ಎಂಬ ಉತ್ತರ ಬೇಕಾದ ಕಿಂಡಿಗೆ ಆರು ಮೂಲೆ, ಸಂಖ್ಯೆ ಬೇಕಾದ ಕಿಂಡಿ ದುಂಡಗೆ. ಆರು ಮೂಲೆಯ ಕಿಂಡಿಗೆ ಸಂಖ್ಯೆ ಕೂರುವುದೇ ಇಲ್ಲ. ಹೀಗಾಗಿ ಸೆಮಿಕೋಲನ್ ಮರೆತ ತಪ್ಪು, ಸ್ಪೆಲ್ಲಿಂಗ್ ತಪ್ಪು ಇಲ್ಲಿ ಹುಟ್ಟುವುದಿಲ್ಲ. ಆದರೆ ಬ್ಲಾಕುಗಳು ಕೂಡಿಕೊಂಡ ಮಾತ್ರಕ್ಕೆ ಕೆಲಸ ಸರಿಯಾಯಿತು ಅನ್ನುವಂತಿಲ್ಲ. ಹೂವಿನ ಕುಂಡಕ್ಕೆ ತಾನೇ ನೀರು ಹಾಕುವ ಒಂದು ಸಣ್ಣ ಏರ್ಪಾಟು ಮಾಡಿ ನೋಡೋಣ.

ಬೇಕಾದದ್ದು ಕಲಾಯಿ ಹಾಕಿದ ಎರಡು ಕಬ್ಬಿಣದ ಮೊಳೆ, ಕರೆಂಟಿಗೆ ತಡೆಯೊಡ್ಡುವ 10 ಕಿಲೋಓಮ್‌ನ ಒಂದು ರೆಸಿಸ್ಟರ್, ಕ್ಲಿಪ್ ವೈರುಗಳು, ನೀರಲ್ಲಿ ಮುಳುಗುವ ಪುಟ್ಟ ಡಿಸಿ ಪಂಪು. ಎರಡು ಮೊಳೆಗಳನ್ನೂ ಮೂರು ಸೆಂಟಿಮೀಟರ್ ಅಂತರದಲ್ಲಿ ಮಣ್ಣಿಗೆ ಚುಚ್ಚಿ. ಒಂದರಿಂದ ಬೋರ್ಡಿನ ಅಂಚಿನಲ್ಲಿರುವ ಪಿನ್ 1ಕ್ಕೆ ವೈರು, ಇನ್ನೊಂದರಿಂದ ಪಿನ್ 0ಗೆ. ಪಿನ್ 0 ಮತ್ತು ಬೋರ್ಡಿನ ಗ್ರೌಂಡ್, ಅಂದರೆ ಮೈನಸ್ ತುದಿ, ಇವೆರಡರ ನಡುವೆ ರೆಸಿಸ್ಟರ್. ಒದ್ದೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಪಿನ್ 0ರ ಅನಲಾಗ್ ರೀಡಿಂಗ್, ಅಂದರೆ ಅಲ್ಲಿನ ವೋಲ್ಟೇಜನ್ನು ಹೇಳುವ ಸಂಖ್ಯೆ, ಮೇಲೇರುತ್ತದೆ. ಈ ರೀಡಿಂಗ್ 0ಯಿಂದ 1023ರವರೆಗೆ ಇರಬಹುದು. ರೆಸಿಸ್ಟರ್ ಹಾಕದಿದ್ದರೆ ಮಣ್ಣು ಒಣಗಿದಾಗ ಪಿನ್ ಗಾಳಿಯಲ್ಲಿ ತೂಗಾಡಿದಂತೆ. ಸೊನ್ನೆ ಬರಬೇಕಾದ ಕಡೆ ಇನ್ನೂರು, ಮುನ್ನೂರು ಅಂತ ಏನೇನೋ ತೋರಿಸುತ್ತದೆ.

ಮೊಳೆಗೆ ನೇರವಾಗಿ 3 ವೋಲ್ಟ್ ಕೊಡದೆ ಪಿನ್ 1ರಿಂದ ಕೊಟ್ಟದ್ದಕ್ಕೆ ಕಾರಣವಿದೆ. ಒದ್ದೆ ಮಣ್ಣಿನಲ್ಲಿ ಸದಾ ಒಂದೇ ದಿಕ್ಕಿಗೆ ಕರೆಂಟು ಹರಿದರೆ ಪ್ಲಸ್ ಕಡೆಯ ಮೊಳೆ ಸವೆದು ಕರಗುತ್ತಾ ಹೋಗುತ್ತದೆ. ಅದಕ್ಕೇ ಮತ್ತೆ ಮತ್ತೆ ಓಡುತ್ತಲೇ ಇರುವ ಫಾರೆವರ್ ಬ್ಲಾಕಿನೊಳಗೆ ಮೊದಲು ಪಿನ್ 1 ಆನ್, 100 ಮಿಲಿಸೆಕೆಂಡ್ ಪಾಝ್ (ವಿರಾಮ), ರೀಡಿಂಗ್ ತೆಗೆದು ಸಂಖ್ಯೆ ನೆನಪಿಡುವ ವೇರಿಯಬಲ್‌ಗೆ ಹಾಕುವುದು, ತಕ್ಷಣ ಪಿನ್ 1 ಆಫ್. ರೀಡಿಂಗ್ ಮಿತಿಗಿಂತ ಕಡಿಮೆ ಇದ್ದರೆ ಪಂಪು ನಡೆಸುವ ಪಿನ್ 2 ಆನ್, ಮೂರು ಸೆಕೆಂಡ್ ಪಂಪು, ಪಿನ್ 2 ಆಫ್. ಕೊನೆಗೆ ಒಂದು ನಿಮಿಷದ ಪಾಝ್. ಹಾಕಿದ ನೀರು ಮೊಳೆಯ ಹತ್ತಿರ ಇಳಿಯಲು ಅಷ್ಟು ಹೊತ್ತು ಬೇಕು. ಪಾಝ್ ಎಣಿಸುವುದು ಮಿಲಿಸೆಕೆಂಡಿನಲ್ಲಿ, ಹಾಗಾಗಿ ಈ ನಿಮಿಷವನ್ನು 60000 ಎಂದೇ ಬರೆಯಬೇಕು. 60 ಅಂತ ಬರೆದರೆ ಬ್ಲಾಕ್ ಏನೂ ತಕರಾರು ಮಾಡದೆ 60 ಮಿಲಿಸೆಕೆಂಡ್ ಕಾದು ಮತ್ತೆ ನೀರು ಸುರಿಯುತ್ತದೆ.

ಮಿತಿ ಎಷ್ಟು? ಬೇರೆಯವರ ಸಂಖ್ಯೆ ತಂದು ಹಾಕಬೇಡಿ. ಮಣ್ಣಿನ ಉಪ್ಪಿನಂಶ, ಮೊಳೆಗಳ ಅಂತರ, ಆಳ, ಎಲ್ಲವೂ ರೀಡಿಂಗನ್ನು ಬದಲಿಸುತ್ತವೆ. ನಿಮ್ಮ ಕುಂಡಕ್ಕೆ ನೀರು ಹಾಕಿ ಒಮ್ಮೆ, ಒಣಗಿದ ಮೇಲೆ ಇನ್ನೊಮ್ಮೆ ನೋಡಿ, ನಡುವಿನ ಸಂಖ್ಯೆ ಹಿಡಿಯಿರಿ. ನೋಡಲು ಶೋ ನಂಬರ್ ಬ್ಲಾಕ್ ಇದೆ. ಅದನ್ನು ಪಂಪ್ ಆನ್ ಮತ್ತು ಆಫ್ ನಡುವೆ ಇಡಲೇಬೇಡಿ. ಮೂರಂಕಿಯ ಸಂಖ್ಯೆ 25 ಎಲ್‌ಇಡಿಗಳ ಮೇಲೆ ಉರುಳಿ ಮುಗಿಯುವವರೆಗೆ ಮುಂದಿನ ಬ್ಲಾಕ್ ಕಾಯುತ್ತದೆ, ಅಷ್ಟು ಹೊತ್ತೂ ಪಂಪು ಓಡುತ್ತಲೇ ಇರುತ್ತದೆ.

ಪಂಪನ್ನು ಪಿನ್‌ಗೆ ನೇರ ಸಿಕ್ಕಿಸುವುದು ಬೇಡವೇ ಬೇಡ. ಪಿನ್ ಕೊಡುವುದು ಕೆಲವೇ ಮಿಲಿಆಂಪ್. ಪುಟ್ಟ ಪಂಪೂ ನೂರಾರು ಕೇಳುತ್ತದೆ. ನಡುವೆ ಮಾಸ್‌ಫೆಟ್ ಬೇಕು, ಅಂದರೆ ಪಿನ್ನಿನ ಮಾತು ಕೇಳಿ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಐಆರ್‌ಎಫ್ 520 ಮಾಡ್ಯೂಲ್ 3 ವೋಲ್ಟಿಗೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ, ಪಂಪು ಗುಂಯ್ ಅಂದು ಸುಮ್ಮನಾಗುತ್ತದೆ. ಕಡಿಮೆ ವೋಲ್ಟಿಗೇ ತೆರೆದುಕೊಳ್ಳುವ, ಐಆರ್‌ಎಲ್‌ಝಡ್ 44ಎನ್ ತರಹದ ಲಾಜಿಕ್ ಲೆವೆಲ್ ಮಾಸ್‌ಫೆಟ್ ಕೇಳಿ ಪಡೆಯಿರಿ. ಪಂಪಿನ ಎರಡು ತುದಿಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್ 4007 ಡಯೋಡು, ಅದರ ಬಿಳಿ ಪಟ್ಟಿ ಪ್ಲಸ್ ಕಡೆಗೆ. ಪಂಪಿಗೆ ಬೇರೆಯೇ ಬ್ಯಾಟರಿ, ಆದರೆ ಆ ಬ್ಯಾಟರಿಯ ಮೈನಸ್ಸನ್ನು ಮೈಕ್ರೋಬಿಟ್ಟಿನ ಗ್ರೌಂಡಿಗೆ ಸೇರಿಸಲೇಬೇಕು.

ಒಂದೇ ಬ್ಯಾಟರಿಯಲ್ಲಿ ಎರಡನ್ನೂ ಓಡಿಸಿದರೆ ಪಂಪು ಎದ್ದ ಕ್ಷಣ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ಇದನ್ನು ಹಿಡಿಯಲು, ಬೋರ್ಡು ಶುರುವಾದಾಗ ಒಮ್ಮೆ ಮಾತ್ರ ಓಡುವ ಆನ್ ಸ್ಟಾರ್ಟ್ ಬ್ಲಾಕಿನಲ್ಲಿ ಒಂದು ಹೃದಯದ ಚಿತ್ರ ಹಾಕಿಡಿ. ಪಂಪು ಎದ್ದಾಗಲೆಲ್ಲ ಹೃದಯ ಮತ್ತೆ ಮತ್ತೆ ಮೂಡಿದರೆ ತಪ್ಪು ಪ್ರೋಗ್ರಾಮಿನದಲ್ಲ, ಬ್ಯಾಟರಿಯದು. ಇನ್ನು ಯುಎಸ್‌ಬಿ ಚುಚ್ಚಿದರೂ ಮೈಕ್ರೋಬಿಟ್ ಡ್ರೈವ್ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜಿಂಗ್ ಕೇಬಲ್‌ನಲ್ಲಿ ಡೇಟಾ ಹೋಗುವುದಿಲ್ಲ.

ವೈರು ಕಳಚಿದರೆ ರೀಡಿಂಗ್ ಸೊನ್ನೆಗೆ ಇಳಿಯುತ್ತದೆ. ಮೈಕ್ರೋಬಿಟ್ಟಿಗೆ ಅದೂ ಒಣ ಮಣ್ಣೇ. ಬಕೆಟ್ ಖಾಲಿಯಾಗುವವರೆಗೆ ನೀರು ಹಾಕುತ್ತಲೇ ಇರುತ್ತದೆ. ಆದ್ದರಿಂದ ಪಂಪು ಎಷ್ಟು ಸಲ ಓಡಿತು ಎಂದು ಒಂದು ವೇರಿಯಬಲ್‌ನಲ್ಲಿ ಎಣಿಸಿ, ಐದಾದ ಮೇಲೆ ಪಂಪು ಮುಟ್ಟದೆ ಗುಣಿಸು ಚಿಹ್ನೆ ತೋರಿಸಲಿ. ಮಣ್ಣು ಒದ್ದೆಯಾಗಿದೆ ಎಂದು ಕಂಡಾಗ ಮಾತ್ರ ಎಣಿಕೆ ಸೊನ್ನೆಗೆ ಬರಲಿ. ಸೊನ್ನೆ ಮಾಡುವ ಬ್ಲಾಕನ್ನು ಫಾರೆವರ್‌ನ ತಲೆಯಲ್ಲೇ ಇಟ್ಟರೆ ಎಣಿಕೆ ಒಂದನ್ನು ದಾಟುವುದೇ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಪಂಪು ನಿಂತ ಮೇಲೆ ನೀರು ಹರಿಯುತ್ತಲೇ ಇದ್ದರೆ ಬಕೆಟ್ ನೋಡಿ. ಅದರ ನೀರಿನ ಮಟ್ಟ ಕುಂಡದಲ್ಲಿರುವ ಪೈಪಿನ ತುದಿಗಿಂತ ಮೇಲಿದ್ದರೆ ಪೈಪೇ ಸೈಫನ್ ಆಗಿ ನೀರೆಳೆಯುತ್ತದೆ. ಬಕೆಟನ್ನು ನೆಲಕ್ಕಿಳಿಸಿ, ಕುಂಡವನ್ನು ಕಟ್ಟೆಯ ಮೇಲಿಡಿ. ನಮಸ್ಕಾರ.