ಅಕ್ಕಿಕಾಳಿಗೆ ಮುನ್ನ ಎಷ್ಟು ನಿಮಿಷ?

ಪರದೆಯ ಮೇಲೆ ಈಗ ಕಾಣುತ್ತಿರುವುದು ನಮ್ಮ ಆಯಿಯ, ಅಂದರೆ ಅಜ್ಜಿಯ, ಅಂಗೈ. ಮೆಹಂದಿಯಲ್ಲ, ಗಾಯವೂ ಅಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಬಳಗದ ಒಂದು ಮದುವೆಯಲ್ಲಿ ತೆಗೆದ ದೃಶ್ಯ ಇದು. ಆಯಿಯ ಕೈಗೆ ಅಕ್ಕಿಕಾಳು, ಅಂದರೆ ಅಕ್ಷತೆ, ಬಂದಾಗ ಗಂಟೆ 12:15. ಅದನ್ನು ಮದುಮಕ್ಕಳ ಮೇಲೆ ಹಾಕಿದಾಗ 1:10. ಅಷ್ಟು ಹೊತ್ತು ಮುಷ್ಟಿ ಬಿಗಿಹಿಡಿದು ಕುಳಿತಿದ್ದಳು. ಬೆವರಿಗೆ ಕುಂಕುಮ ಕರಗಿ ಅಂಗೈಯ ಗೆರೆಗೆರೆಗೂ ಇಳಿದಿದೆ. ಎರಡು ಕಾಳು ಹೆಬ್ಬೆರಳಿನ ಬುಡಕ್ಕೆ ಅಂಟಿಕೊಂಡೇ ಉಳಿದಿವೆ, ನೋಡಿ.

ತಡವಾದದ್ದು ಏಕೆಂದರೆ, ವೇದಿಕೆಯ ಮೇಲೆ 27 ಜನರಿಗೆ ಶಾಲು ಹೊದಿಸಿದರು. ಸುಮ್ಮನೆ ಹೇಳುತ್ತಿಲ್ಲ, ವಿಡಿಯೋ ಮುಂದಿಟ್ಟುಕೊಂಡು ಎಣಿಸಿದ್ದೇನೆ.

ಈ ವರ್ಷ ನನ್ನ ತಂಗಿಯ ಮದುವೆ. ಇದೇ ಕಲಬುರಗಿ, ಇದೇ ಮೇ ತಿಂಗಳು. ಬೀಗರು ಮೈಸೂರಿನವರು. ನಿಶ್ಚಯ ಮುಗಿದ ರಾತ್ರಿ ಎಲ್ಲರೂ ಕುಳಿತು ಲೆಕ್ಕ ಹಾಕುತ್ತಿದ್ದಾಗ, ಮಂಟಪದಲ್ಲಿ ಏನು ಯಾವಾಗ ನಡೆಯುತ್ತದೆ ಎಂದು ಒಂದು ಕಾರ್ಯಕ್ರಮ ಪತ್ರಿಕೆ ಅಚ್ಚು ಹಾಕಿಸೋಣ ಎಂದು ನಾನೇ ಬಾಯಿ ಹಾಕಿದೆ. ಬಾಯಿ ಹಾಕಿದವರ ತಲೆಗೇ ಕೆಲಸ ಬೀಳುವುದು ನಮ್ಮ ಮನೆಯ ಪದ್ಧತಿ.

“ಲಗ್ನಪತ್ರಿಕೆ ಇರುವಾಗ ಇನ್ನೊಂದು ಕಾಗದ ಯಾಕೆ?” ಎಂದು ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಲಗ್ನಪತ್ರಿಕೆ ಹೇಳುವುದು ಯಾರು ಕರೆಯುತ್ತಿದ್ದಾರೆ, ಎಲ್ಲಿಗೆ ಬರಬೇಕು, ಮುಹೂರ್ತ ಎಷ್ಟಕ್ಕೆ ಎಂದಷ್ಟೆ. ಬಂದವರು ಮಂಟಪದಲ್ಲಿ ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಿಂದ ಬರುವ ನಮ್ಮವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ಹೇಳಬೇಕಾಗಿರುವುದು ಬಸವ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿಯುವ 60 ಮಂದಿ ಬೀಗರಿಗೆ. ಅವರ ಕಡೆ ಮದುವೆ ಎಂದರೆ ಧಾರೆ. ಮದುಮಕ್ಕಳ ಜೋಡಿಸಿದ ಕೈಗಳ ಮೇಲೆ ಬಂದವರು ಒಬ್ಬೊಬ್ಬರಾಗಿ ಹಾಲೆರೆದು ಹರಸುತ್ತಾರೆ. ನಮ್ಮ ಕಡೆ ಮದುವೆ ಎಂದರೆ ಅಕ್ಕಿಕಾಳು. ಇಡೀ ಸಭಾಂಗಣ ಕುಳಿತಲ್ಲಿಂದಲೇ ಹರಸಿ ಊಟದ ಪಂಕ್ತಿಗೆ ಓಡುತ್ತದೆ. ಅಲ್ಲಿ ಸಾಲು, ಇಲ್ಲಿ ಮಳೆ. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಕೂಡಿಸಬೇಕು.

ಮೊದಲು ಹೊತ್ತಿನ ಲೆಕ್ಕ ಹಾಕಿದೆ, ಕಾಗದದ ವಿಚಾರ ಆಮೇಲೆ ಎಂದುಕೊಂಡು. ಮುಹೂರ್ತ 12:28. ಅದೊಂದು ಮೊಳೆ, ಅದನ್ನು ಕೀಳಲು ಬರುವುದಿಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದೆ. ಮಂಗಳಾಷ್ಟಕ ಎಂದರೆ ಹೆಸರೇ ಹೇಳುವಂತೆ ಎಂಟು ಪದ್ಯ. ಮದುವೆ ಮಾಡಿಸುವ ನಮ್ಮ ಅಯ್ಯನವರು ಹಾಡಿದ್ದನ್ನು ಮೊಬೈಲಿನಲ್ಲಿ ಅಳೆದು ನೋಡಿದೆ: ಒಂದು ಪದ್ಯಕ್ಕೆ ಸುಮಾರು 45 ಸೆಕೆಂಡ್, ಒಟ್ಟು ಆರು ನಿಮಿಷ. ಇದರ ಮೇಲೆ ನಮ್ಮ ಸೋದರತ್ತೆ ತಾವೇ ಕಟ್ಟಿದ ಪದ್ಯ ಹಾಡುತ್ತಾರೆ. ಅದರಲ್ಲಿ ಎರಡೂ ಮನೆತನಗಳ ಹಿರಿಯರ ಹೆಸರು ಬರುವುದರಿಂದ ಕತ್ತರಿಸುವ ಧೈರ್ಯ ಯಾರಿಗೂ ಇಲ್ಲ. ಅದಕ್ಕೆ ಎರಡು ನಿಮಿಷ. ಧ್ವನಿವರ್ಧಕ ಕೀರಲು ಒಂದು ನಿಮಿಷ. ಇನ್ನೊಂದು ನಿಮಿಷ ಕೈಯಲ್ಲಿರಲಿ. ಹಾಗಾಗಿ 12:18ಕ್ಕೆ ಮದುಮಕ್ಕಳ ನಡುವೆ ಅಂತರಪಟ ಹಿಡಿದಿರಲೇಬೇಕು. ಸೋದರಮಾವ ತಂಗಿಯನ್ನು ಮಂಟಪಕ್ಕೆ ಕರೆತರುವುದು 12:10ಕ್ಕೆ. ಮದುಮಗ ಹನುಮಂತ ದೇವರ ಗುಡಿಯಿಂದ ಬಂದು ತಲುಪುವುದು 11:30ಕ್ಕೆ.

ಮೆರವಣಿಗೆಯ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗಲಿಲ್ಲ. ಗುಡಿಯಿಂದ ಕಲ್ಯಾಣ ಮಂಟಪಕ್ಕೆ 400 ಮೀಟರ್ ಇರಬಹುದು, ನಡೆದರೆ ಐದು ನಿಮಿಷ. ಬ್ಯಾಂಡ್ ಇದ್ದರೆ ಒಂದು ತಾಸು. ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟುವ ಬಿಸಿಲು; ಹನ್ನೊಂದು ಗಂಟೆಗೆ ಡಾಂಬರಿನ ಮೇಲೆ ಕುಣಿಯುವವರಿಗೆ ಆವೇಶ ಇರುತ್ತದೆ, ಕುದುರೆಗೆ ಇರುವುದಿಲ್ಲ. ಅದರ ಮೇಲೆ ಕುಳಿತ ಮೈಸೂರಿನ ಹುಡುಗನಿಗಂತೂ ಮೊದಲೇ ಇರುವುದಿಲ್ಲ. ಒಂಬತ್ತೂವರೆಗೆ ಹೊರಡಬೇಕು, ಹತ್ತೂವರೆಗೆ ನೆರಳು ಸೇರಬೇಕು ಎಂದು ಬರೆದೆ. 11:30 ಎಂದು ಹಾಕಿದ್ದು ಬ್ಯಾಂಡಿನವರ ಸ್ವಭಾವಕ್ಕೆ ಬಿಟ್ಟ ಜಾಗ.

ಇನ್ನು ಧಾರೆ. ತಂಗಿಯ ಅತ್ತೆಯವರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಿದೆ. ಪಕ್ಕದಲ್ಲಿ ಲೆಕ್ಕದ ಹಾಳೆ ಇತ್ತು. ಒಬ್ಬರು ಬಂದು ಹಾಲೆರೆದು ಹೋಗಲು 10 ಸೆಕೆಂಡ್ ಎಂದರೂ ಅವರ 60 ಜನರಿಗೆ 10 ನಿಮಿಷ. ಅದು ಸರಿ. ಆದರೆ ಸಾಲು ನೋಡಿದ ಕೂಡಲೇ ನಮ್ಮವರು ಎದ್ದು ನಿಲ್ಲುತ್ತಾರೆ. ಬಿಟ್ಟುಹೋದರೆ ಬೀಗರ ಮುಂದೆ ಮರ್ಯಾದೆ ಉಳಿಯುವುದಿಲ್ಲವಲ್ಲ! 500 ಜನ ಸೇರಿಕೊಂಡರೆ 93 ನಿಮಿಷ. ತಂಗಿ ಅಷ್ಟು ಹೊತ್ತು ಕೈ ಚಾಚಿ ನಿಲ್ಲಬೇಕು, ಬುಡದಲ್ಲಿ ಹಾಲು ಹರಿದು ನೊಣ ಮುತ್ತಬೇಕು.

“ನೋಡಮ್ಮ, ನಮ್ಮ ಅಣ್ಣ ಅತ್ತಿಗೆ ಧಾರೆ ಎರೆಯದೆ ಊಟಕ್ಕೆ ಕೂರುವುದಿಲ್ಲ” ಎಂದರು ಅವರು. ಬೇಡ ಎನ್ನುವ ಇರಾದೆ ನನಗೂ ಇರಲಿಲ್ಲ. ಅಯ್ಯನವರೇ ದಾರಿ ತೋರಿಸಿದರು: ಮುಹೂರ್ತಕ್ಕೆ ತಾಳಿ ಮತ್ತು ಅಕ್ಕಿಕಾಳು, ಅದು ಮುಗಿದ ಕೂಡಲೇ ಧಾರೆ, ಎರಡೂ ಕಡೆಯಿಂದ ಹನ್ನೆರಡು ಹನ್ನೆರಡು ಜೋಡಿ, ಹೆಸರು ಮೊದಲೇ ಗೊತ್ತುಮಾಡಿಟ್ಟು. ಜೋಡಿಗೆ 20 ಸೆಕೆಂಡ್ ಎಂದರೆ ಎಂಟು ನಿಮಿಷ. ಉಳಿದವರಿಗೆ ಅಷ್ಟರಲ್ಲಿ ಎಲೆ ಹಾಕಿರುತ್ತಾರೆ. ಗೋಧಿ ಹುಗ್ಗಿಯ ವಾಸನೆ ಬಂದ ಮೇಲೆ ಸಾಲಿನಲ್ಲಿ ನಿಲ್ಲುವ ನಮ್ಮವರು ಕಡಿಮೆ. ಅತ್ತೆಯವರು ಒಪ್ಪಿದರು. ಆ ಹನ್ನೆರಡು ಜೋಡಿ ಯಾವುವು ಎಂಬುದು ಅವರ ಮನೆಯ ಜಗಳ, ನಾನು ಕೇಳಲಿಲ್ಲ.

ನಮ್ಮ ಮನೆಯ ಜಗಳ ಸನ್ಮಾನದ್ದು. ಅಪ್ಪ ತಂದ ಪಟ್ಟಿಯಲ್ಲಿ 19 ಹೆಸರು. “ಕರೆದು ಶಾಲು ಹೊದಿಸದಿದ್ದರೆ ಹೇಗೆ?” ಎಂದರು. ನಾನು ಆಯಿಯ ಅಂಗೈಯ ಚಿತ್ರ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, ಮೊಬೈಲ್ ತಿರುಗಿಸಿ ಕೊಟ್ಟು, “19 ಇರಲಿ, ಆದರೆ ವೇದಿಕೆ ಬೇಡ” ಎಂದರು. ಈಗ ಆಗಿರುವ ಒಪ್ಪಂದ ಇಷ್ಟು: ಹನ್ನೊಂದೂವರೆಯಿಂದ ಹನ್ನೆರಡರ ತನಕ ಅಪ್ಪ ಮತ್ತು ಕಾಕಾ ಶಾಲುಗಳ ಚೀಲ ಹಿಡಿದು, ಹಿರಿಯರು ಕುಳಿತಲ್ಲಿಗೇ ಹೋಗಿ ಹೊದಿಸಿ ಬರುತ್ತಾರೆ. ಹೆಸರು ಕೂಗುವುದಿಲ್ಲ, ಭಾಷಣ ಇಲ್ಲ. ಹನ್ನೆರಡರ ನಂತರ ಯಾರು ಬಂದರೂ, ಎಂಥ ದೊಡ್ಡವರು ಬಂದರೂ, ಶಾಲು ಊಟದ ಮನೆಯಲ್ಲಿ. ಆಹೇರಿ, ಅಂದರೆ ಬಂದವರು ಕೊಡುವ ಉಡುಗೊರೆ, ಅದೂ ಧ್ವನಿವರ್ಧಕಕ್ಕೆ ಬರುವುದಿಲ್ಲ; ಬರೆದುಕೊಳ್ಳಲು ಬಾಗಿಲ ಬಳಿ ಕಾಕಾನ ಮಗ ಪುಸ್ತಕ ಇಟ್ಟುಕೊಂಡು ಕೂರುತ್ತಾನೆ. “ಇಂಥ ಊರಿನ ಇಂಥವರಿಂದ ಐದುನೂರಾ ಒಂದು ರೂಪಾಯಿ” ಎಂದು ಕೇಳಿಸದಿದ್ದರೆ ಕೊಟ್ಟವರಿಗೆ ಬೇಸರವಾಗುತ್ತದೆ ಎಂದು ಅವ್ವ ಇನ್ನೂ ಗೊಣಗುತ್ತಿದ್ದಾಳೆ. ಆಗಲಿ.

ಈಗ ನೀವು ನೋಡುತ್ತಿರುವುದು ಸೂಪರ್ ಮಾರ್ಕೆಟ್ ಕಡೆಯ ಒಂದು ಮುದ್ರಣಾಲಯ. ನಾನು ಮೊದಲು ಬರೆದು ಒಯ್ದದ್ದು ಎಂಟು ಪುಟದ ಪುಸ್ತಿಕೆ. ಎರಡು ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆದರೆ ಎಂಟು ಪುಟ. ಪುಟ ಹೆಚ್ಚಾದರೆ ನಾಲ್ಕು ನಾಲ್ಕಾಗಿಯೇ ಹೆಚ್ಚಬೇಕು. ಅರಿಶಿನ, ಹಂದರ, ಸುರಗಿ ಎಲ್ಲದರ ಅರ್ಥ ವಿವರಿಸಿದ್ದೆ. ಸುರಗಿ ಎಂದರೆ ಮದುಮಕ್ಕಳಿಗೆ ನೀರೆರೆಯುವ ಶಾಸ್ತ್ರ; ಅದಕ್ಕೆ ಮೂಲೆಗೊಂದು ತಂಬಿಗೆ ಇಟ್ಟು ನೂಲು ಸುತ್ತುವುದರ ಚಿತ್ರವನ್ನೂ ಬರೆಸಿದ್ದೆ. ಮುದ್ರಣದವರು ಪುಟ ತಿರುವಿ, “ಇದನ್ನು ಓದುವುದು ಯಾವಾಗ, ಮದುವೆಯಾದ ಮೇಲೆಯೇ?” ಎಂದರು. ನಂತರ ಆ ಪುಸ್ತಿಕೆಯನ್ನೇ ಎತ್ತಿ ಗಾಳಿ ಬೀಸಿಕೊಂಡರು. ಕರೆಂಟ್ ಹೋಗಿತ್ತು. ತೆಳು ಹಾಳೆ ಬಾಗಿ ಮುಖಕ್ಕೆ ತಾಗುತ್ತಿತ್ತೇ ಹೊರತು ಗಾಳಿ ಬರಲಿಲ್ಲ.

ಆಕಾರ ಅಲ್ಲೇ ತೀರ್ಮಾನವಾಯಿತು. ಮೇ ತಿಂಗಳಲ್ಲಿ ನಮ್ಮವರ ಕೈಗೆ ಯಾವ ಕಾಗದ ಕೊಟ್ಟರೂ ಅದು ಬೀಸಣಿಕೆಯಾಗುತ್ತದೆ. ಹಾಗಿದ್ದರೆ ಬೀಸಣಿಕೆಯನ್ನೇ ಕೊಡೋಣ: ಮಡಿಕೆ ಇಲ್ಲದ ಒಂದೇ ಕಾರ್ಡ್, ಎ5 ಅಳತೆ, ಚದರ ಮೀಟರಿಗೆ 300 ಗ್ರಾಂ ತೂಗುವ (300 ಜಿಎಸ್‌ಎಂ) ದಪ್ಪ ಕಾಗದ. ಹೊಳಪಿನ ಕಾಗದ ಬೇಡ ಎಂದೆ; ದೀಪದ ಬೆಳಕು ಅದರ ಮೇಲೆ ಬಿದ್ದರೆ ವಯಸ್ಸಾದವರಿಗೆ ಅಕ್ಷರ ಕಾಣುವುದಿಲ್ಲ.

ಉದ್ದವನ್ನು ನಿರ್ಧರಿಸಿದ್ದು ಒತ್ತಕ್ಷರ. ಕನ್ನಡ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಶಾಸ್ತ್ರ’ ಎಂಬ ಪದದ ಕೆಳಗೆ ‘ಸ್ತ್ರೀ’ ಬಂದರೆ ಒಂದರ ಕಾಲು ಇನ್ನೊಂದರ ತಲೆಗೆ ಬಡಿಯುತ್ತದೆ. ಅಕ್ಷರ 14 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 22 ಪಾಯಿಂಟ್ ಬಿಡಬೇಕಾಯಿತು, ಅಂದರೆ ಸುಮಾರು 7.8 ಮಿಲಿಮೀಟರ್. ಕಾರ್ಡಿನ ಎತ್ತರ 210 ಮಿಲಿಮೀಟರ್. ಮೇಲೆ ಕೆಳಗೆ 15ರಂತೆ ಅಂಚು ಬಿಟ್ಟರೆ ಉಳಿಯುವುದು 180. ಭಾಗಿಸಿ ನೋಡಿ: 23 ಸಾಲು. ನಾನು ಬರೆದದ್ದು 140 ಸಾಲು ಇತ್ತು.

23 ಸಾಲಿಗೆ ಇಳಿಸುವಾಗ ಮೊದಲು ಹೋದದ್ದು ಅರ್ಥ ವಿವರಣೆ. ಆಮೇಲೆ ಮನೆಯವರಷ್ಟೇ ಸೇರುವ ಅರಿಶಿನ, ಸುರಗಿ, ಉಡಿ ತುಂಬುವುದು. ಹಿರಿಯರ ಹೆಸರುಗಳೂ ಹೋದವು; ಅವು ಲಗ್ನಪತ್ರಿಕೆಯಲ್ಲಿ ಇವೆ, ಒಂದು ಹೆಸರು ಮೇಲೆ ಕೆಳಗೆ ಆದದ್ದಕ್ಕೆ ಅಲ್ಲಿ ಒಮ್ಮೆ ಮಾತು ಬಂದದ್ದೂ ಸಾಕು. ಉಳಿದದ್ದು ಬಂದವರು ಮಾಡಬೇಕಾದ ಕೆಲಸ. ಉದಾಹರಣೆಗೆ ಇದು: “ಪ್ರತಿ ‘ಸಾವಧಾನ’ಕ್ಕೆ ನಾಲ್ಕು ಕಾಳು ಹಾಕಿ. ಮುಷ್ಟಿಯನ್ನು ಒಮ್ಮೆಲೇ ಬರಿದು ಮಾಡಬೇಡಿ. ಅಂತರಪಟ ಸರಿದಾಗ ಉಳಿದದ್ದೆಲ್ಲ ಹಾಕಿ.” ಇದು ಗೊತ್ತಿಲ್ಲದ ಮೈಸೂರಿನವರು ಮೊದಲ ಪದ್ಯಕ್ಕೇ ಎಲ್ಲವನ್ನೂ ಎಸೆದು ಬರಿಗೈಯಲ್ಲಿ ನಿಲ್ಲುವುದನ್ನು ನೆನೆಸಿಕೊಂಡೇ ಬರೆದದ್ದು. ಕಾಳು ಹಂಚುವುದೂ ಹೋದ ವರ್ಷದಂತೆ ಬಹಳ ಮೊದಲೇ ಅಲ್ಲ. ಅಂತರಪಟ ಹಿಡಿಯುವಾಗ ಎಂಟು ಹುಡುಗರು ಬುಟ್ಟಿ ಹಿಡಿದು ಸಾಲುಸಾಲಿಗೆ ಓಡಬೇಕು.

ಗಂಟೆಗಳನ್ನು ಕಾರ್ಡಿನಲ್ಲಿ ಮೂರು ಕಡೆ ಮಾತ್ರ ಹಾಕಿದ್ದೇನೆ: ಮದುಮಗನ ಆಗಮನ, ಮುಹೂರ್ತ, ಊಟ. ನಿಮಿಷ ನಿಮಿಷದ ಪಟ್ಟಿ ನನ್ನ ಹತ್ತಿರ, ಅಯ್ಯನವರ ಹತ್ತಿರ, ಬ್ಯಾಂಡಿನವರ ಹತ್ತಿರ ಇದ್ದರೆ ಸಾಕು. ಅದನ್ನು ಅಚ್ಚು ಹಾಕಿಸಿದರೆ ಐದುನೂರು ಜನ ಗಡಿಯಾರ ನೋಡಿ ನಮ್ಮನ್ನು ತಪಾಸಣೆ ಮಾಡುತ್ತಾರೆ.

ಮೊದಲ ಪ್ರೂಫ್ ಬಂದಾಗ ‘ಅಕ್ಷತೆ’ ಎಂಬುದು ‘ಅಕ್‌ಷತೆ’ ಆಗಿತ್ತು. ನಾನು ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆದದ್ದನ್ನು ಅವರು ತಮ್ಮ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ತಿರುಗಿಸುವಾಗ ಒತ್ತುಗಳು ಕಳಚಿಬಿದ್ದಿದ್ದವು. ಇನ್ನೊಂದು ತಪ್ಪು ಯಂತ್ರದ್ದಲ್ಲ. ಕಾರ್ಡಿನ ಇನ್ನೊಂದು ಬದಿಗೆ ಸತಿಪತಿಗಳು ಒಂದಾಗಿ ಮಾಡುವ ಭಕ್ತಿ ಶಿವನಿಗೆ ಹಿತ ಎನ್ನುವ ವಚನ ಕೊಟ್ಟಿದ್ದೆ. ಕೆಳಗೆ ‘ಬಸವಣ್ಣ’ ಎಂದು ಅಚ್ಚಾಗಿತ್ತು. ವಚನದ ಕೊನೆಯಲ್ಲಿ ‘ರಾಮನಾಥ’ ಎಂಬ ಅಂಕಿತ ಕಣ್ಣಿಗೆ ಹೊಡೆಯುವಂತಿದೆ. ಅದು ಜೇಡರ ದಾಸಿಮಯ್ಯನದು. ಬೀಗರು ಮೈಸೂರಿನವರು, ಹೋಗಲಿ. ಇಲ್ಲೇ ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನವನನ್ನು ನಾವೇ ಮರೆತರೆ ಹೇಗೆ?

ತಿದ್ದಿದ ಪ್ರೂಫ್ ಹಿಡಿದು ಅಯ್ಯನವರ ಮನೆಗೆ ಹೋದೆ. ಕನ್ನಡಕ ಏರಿಸಿ, ಕಾರ್ಡನ್ನೂ ನನ್ನ ನಿಮಿಷದ ಪಟ್ಟಿಯನ್ನೂ ಎರಡೆರಡು ಸಲ ಓದಿದರು. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: “ಎಲ್ಲ ಸರಿ ಇದೆ ತಂಗಿ. ಇದರಲ್ಲಿ ಕ್ಯಾಮೆರಾದವರ ಹೊತ್ತು ಎಲ್ಲಿದೆ?”

ನನಗೆ ಉತ್ತರ ಹೊಳೆಯಲಿಲ್ಲ. ಮಾಲೆ ಹಾಕಿದ್ದನ್ನು ತೆಗೆಸಿ ಇನ್ನೊಮ್ಮೆ ಹಾಕಿಸುವುದು, ತಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಈ ಕಡೆ ನೋಡಿ ಎನ್ನುವುದು, ಅಂತರಪಟದ ಮುಂದೆ ಅಡ್ಡ ಬಂದು ನಿಲ್ಲುವುದು. ಹೋದ ವರ್ಷದ ಆ ವಿಡಿಯೋವನ್ನು ರಾತ್ರಿ ಮತ್ತೆ ನೋಡಿದೆ. ಶಾಲುಗಳ ಲೆಕ್ಕ ಮಾಡಿದ್ದ ನಾನು ಇದನ್ನು ಎಣಿಸಿರಲಿಲ್ಲ. ಒಟ್ಟು 14 ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಅಡ್ಡ ನಿಂತವಳು ನೀಲಿ ಸೀರೆ ಉಟ್ಟು ಕೈಯಲ್ಲಿ ಮೊಬೈಲ್ ಹಿಡಿದಿದ್ದಾಳೆ. ಆ ಸೀರೆ ನನ್ನ ಕಪಾಟಿನಲ್ಲಿದೆ.

ಛಾಯಾಗ್ರಾಹಕರೊಡನೆ ಮಾತಾಯಿತು: ಜೋಡಿ ಚಿತ್ರಗಳು ಹಿಂದಿನ ದಿನ ಸಂಜೆ, ಮಾಲೆ ಒಂದೇ ಸಲ, ಮಂಟಪದ ಮೆಟ್ಟಿಲಿನ ಮೇಲೆ ಒಬ್ಬರು ಮಾತ್ರ. ಆ ಒಬ್ಬರು ನಾನಲ್ಲ. ಕಾರ್ಡು 600 ಪ್ರತಿ ನಾಳೆ ಅಚ್ಚಿಗೆ ಹೋಗುತ್ತದೆ. ಮದುವೆಯ ವಿಡಿಯೋ ಮುಂದಿನ ಸಲ ಹಾಕುತ್ತೇನೆ. ಆದರೆ ಅದರಲ್ಲಿ 12:18ರಿಂದ 12:28ರ ತನಕ ನಾನು ತೆಗೆದ ದೃಶ್ಯ ಒಂದೂ ಇರುವುದಿಲ್ಲ. ಆಗ ನಾನು ಆಯಿಯ ಪಕ್ಕದಲ್ಲಿ ಕುಳಿತಿರುತ್ತೇನೆ, ಕೈಯಲ್ಲಿ ಅಕ್ಕಿಕಾಳು ಇರುತ್ತದೆ.