ಲೈಟ್ ಹತ್ತಿದರೆ ಬ್ಯಾಟರಿ ಬಿಚ್ಚಬೇಡಿ

ಹಾರ-ತುರಾಯಿಗೇ ಸಾಕಷ್ಟು ಹೊತ್ತು ಹೋಯಿತು, ನೇರ ವಿಷಯಕ್ಕೆ ಬರುತ್ತೇನೆ. ವಾಸ್ಕೋದಲ್ಲಿ ಹಳೇ ಪಿಕಪ್ ನಂಬಿ ಬದುಕುವ ನಮ್ಮ ಗದಗ, ಬಾಗಲಕೋಟೆ, ಹಾವೇರಿ ಕಡೆಯವರ ಮೇಲೆ ನನ್ನದು ಒಂದೇ ತಕರಾರು. ಎಂಜಿನ್ ಲೈಟ್ ಹತ್ತಿತೋ, ಬ್ಯಾಟರಿ ಟರ್ಮಿನಲ್ ಬಿಚ್ಚುತ್ತೀರಿ. ಲೈಟ್ ಹೋಗುತ್ತದೆ, ರೋಗ ಹೋಗುವುದಿಲ್ಲ, ಮೇಲೆ ಸಾಕ್ಷಿಯೂ ಅಳಿಸಿಹೋಗುತ್ತದೆ. ದೋಷ ಬಂದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟು, ಬಿಸಿ ಎಷ್ಟು, ಲೋಡ್ ಎಷ್ಟು ಎಂಬುದನ್ನು ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಫ್ರೀಜ್ ಫ್ರೇಮ್ ಎಂಬ ದಾಖಲೆಯಲ್ಲಿ ಹಿಡಿದಿಟ್ಟಿರುತ್ತದೆ. ಚೋರ್ಲಾ ಘಾಟ್ ಏರುವಾಗ ಮಿಸ್ ಹೊಡೆಯಿತೋ (ಅಂದರೆ ಸಿಲಿಂಡರ್ ಉರಿಯದೆ ತಪ್ಪಿತೋ), ಬೆಳಗಿನ ತಣ್ಣನೆ ಸ್ಟಾರ್ಟಿನಲ್ಲೋ, ಅದರಿಂದಲೇ ಅಂದಾಜು ಸಿಗುವುದು.

ಬೆಳಗಾವಿಯಿಂದ ತರಕಾರಿ ತರುವ ಹುಡುಗನ ಕಥೆ ಕೆಲವರು ಕೇಳಿದ್ದೀರಿ. ಇರಲಿ, ಮತ್ತೊಮ್ಮೆ ಕೇಳಿ. ಅವನ ಗಾಡಿ ಪೆಟ್ರೋಲಿಗೂ ಓಡುತ್ತದೆ, ಸಿಎನ್‌ಜಿಗೂ ಓಡುತ್ತದೆ. ‘ಅಣ್ಣಾರ, ಪ್ಲಗ್ ಹೊಸಾವು, ಕಾಯಿಲ್ ಹೊಸಾವು, ಆದ್ರೂ ಜಗ್ಗಾಕತ್ತೈತ್ರಿ’ ಅಂದ. ಪ್ಲಗ್ ಕಿಡಿ ಹಾರಿಸುತ್ತದೆ, ಕಾಯಿಲ್ ಅದಕ್ಕೆ ವೋಲ್ಟೇಜ್ ಕೊಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0303, ಅಂದರೆ ಮೂರನೇ ಸಿಲಿಂಡರ್ ಮಿಸ್. ಹಿಂದಿನ ಗ್ಯಾರೇಜಿನವರೂ ಇದನ್ನೇ ಓದಿ ಪಾರ್ಟ್ ಹಾಕಿದ್ದು! ಪ್ರತಿ ಸಿಲಿಂಡರ್ ಉರಿದಾಗ ಎಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಒಂದು ತಳ್ಳು ಸಿಗಬೇಕು. ಮೂರನೆಯದರ ಸರದಿಯಲ್ಲಿ ಕ್ರ್ಯಾಂಕ್ ನಿಧಾನವಾಯಿತು ಅಂತ ಸೆನ್ಸರ್ ದೂರು ಕೊಡುತ್ತದೆ, ಅಷ್ಟೇ. ತಪ್ಪು ಯಾರದು ಅಂತ ಅದು ಹೇಳುವುದಿಲ್ಲ.

‘ಗ್ಯಾಸ್‌ನಾಗ ಹೆಂಗ ಓಡತೈತಿ?’ ಅಂತ ಕೇಳಿದೆ. ‘ಗ್ಯಾಸ್‌ನಾಗ ಏನೂ ತ್ರಾಸಿಲ್ರಿ.’ ಅಲ್ಲಿಗೆ ಮುಕ್ಕಾಲು ಕೆಲಸ ಮುಗಿಯಿತು. ಸಿಎನ್‌ಜಿ ಹೊತ್ತಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಸಿನಲ್ಲಿ ನೆಟ್ಟಗೆ ಓಡುವ ಎಂಜಿನ್ನಿನ ಕಿಡಿಯೂ ಸರಿ, ಸಿಲಿಂಡರಿನ ಒಳಒತ್ತಡ ಅಂದರೆ ಕಂಪ್ರೆಷನ್ನೂ ಸರಿ. ಉಳಿದದ್ದು ಪೆಟ್ರೋಲ್ ದಾರಿ. ಪೆಟ್ರೋಲ್ ಚಿಮುಕಿಸುವ ಮೂರನೇ ಇಂಜೆಕ್ಟರಿನ ವೈರ್ ಕನೆಕ್ಟರ್ ಎಳೆದು ನೋಡಿದರೆ ಪಿನ್ನು ಹಸಿರುಗಟ್ಟಿತ್ತು. ಬೈನಾ ಸಮುದ್ರದ ಹತ್ತಿರ ರಾತ್ರಿಯೆಲ್ಲ ಗಾಡಿ ನಿಲ್ಲಿಸಿದರೆ ಉಪ್ಪುಗಾಳಿ ಸುಮ್ಮನಿರುತ್ತದೆಯೇ? ಪಿನ್ನು ತಿಕ್ಕಿ, ಕನೆಕ್ಟರ್ ಬಿಗಿಯಾಗಿ ಕೂರಿಸಿದ ಮೇಲೆ ಮಿಸ್ ನಿಂತಿತು. ಪ್ಲಗ್-ಕಾಯಿಲ್ ಬಿಲ್ಲಿನ ದುಡ್ಡಲ್ಲಿ ಅವನು ಮನೆಮಂದಿಯನ್ನೆಲ್ಲ ಜಾತ್ರೆಗೆ ಕರಕೊಂಡು ಹೋಗಬಹುದಿತ್ತು.

ಗ್ಯಾಸ್ ಇಲ್ಲದ ಗಾಡಿಯಲ್ಲಿ ಏನು ಮಾಡೋಣ? ಪ್ಲಗ್ಗಿನ ಮೇಲೇ ಕಾಯಿಲ್ ಕೂತಿದ್ದರೆ, ಮೂರನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದನೆಯದಕ್ಕೆ, ಒಂದನೆಯದರದ್ದು ಮೂರನೆಯದಕ್ಕೆ ಹಾಕಿ. ಕೋಡ್ ಪಿ0301 ಆಯಿತೇ, ಕಾಯಿಲೇ ಕಳ್ಳ. ಕೋಡ್ ಪಿ0303ರಲ್ಲೇ ಕೂತಿದ್ದರೆ ಪ್ಲಗ್ ನೋಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಖರ್ಚಿಲ್ಲದ ಪರೀಕ್ಷೆ ಮೊದಲು, ಅಂಗಡಿ ಆಮೇಲೆ. ಬ್ಯಾಟರಿ ಮಾತ್ರ... ನಗಬೇಡಿ, ಇನ್ನೂ ಹೇಳುತ್ತೇನೆ.

ಹೊತ್ತಾಯಿತು ಅಂತ ಚೀಟಿ ಬಂತು. ಬೇಗ ಬೇಗ ಹೇಳುತ್ತೇನೆ. ಪಿ0300 ಅಂದರೆ ಮಿಸ್ ಒಂದು ಕಡೆ ನಿಂತಿಲ್ಲ. ಹರಿದ ವ್ಯಾಕ್ಯೂಮ್ ಪೈಪು, ಇಂಧನದ ಒತ್ತಡ ನೋಡಿ. ಲೈಟ್ ಮಿನುಗತೊಡಗಿದರೆ ಆಕ್ಸಿಲರೇಟರ್ ಬಿಡಿ, ಗಾಡಿ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಸುಡುತ್ತದೆ. ಡೀಸೆಲ್ಲಿನವರಿಗೆ ಪ್ಲಗ್-ಕಾಯಿಲ್ ರಗಳೆ ಇಲ್ಲ, ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್ ಅಳೆಯುವ ರಿಟರ್ನ್ ಪರೀಕ್ಷೆ ಇದೆ. ಅದನ್ನು ಊಟವಾದ ಮೇಲೆ ಹೊರಗೆ ನಿಂತಿರುವ ಗಾಡಿಯಲ್ಲೇ ಮಾಡಿ ತೋರಿಸುತ್ತೇನೆ. ಅದರ ಬ್ಯಾಟರಿ ಯಾರೂ ಮುಟ್ಟಬೇಡಿ.